ಬಲಗಾಲಿಗೊಂದು ನಿಂಬೆಹಣ್ಣು

ನಮ್ಮ ಮೊಮ್ಮಗಳು ಇಂಚರಾಳ ವಿಮಾನ ಗೆದ್ದಿತು. ಇದನ್ನು ಮೊದಲು ಹೇಳಿಬಿಡುತ್ತೇನೆ, ಹಿಂದಿನದು ಮುಂದಿನದು ಆಮೇಲೆ ನೋಡೋಣ. ಮಧ್ಯಾಹ್ನದಿಂದ ಈ ಸುದ್ದಿಯನ್ನು ಪಕ್ಕದ ಮನೆಯ ರಾನ್‌ಗೆ ಹೇಳಿದೆ. ಮೂಲೆಯ ಡೇರಿಯವನಿಗೆ ಹೇಳಿದೆ. ಇಲ್ಲಿ ಡೇರಿ ಎಂದರೆ ಹಾಲಿನಿಂದ ಬೆಂಕಿಪೊಟ್ಟಣದವರೆಗೆ ಎಲ್ಲವನ್ನೂ ಮಾರುವ ಗೂಡಂಗಡಿ. ಎಮ್ಮೆ ಹುಡುಕಿಕೊಂಡು ಹೋಗಬೇಡಿ. ಕೊನೆಗೆ ಗದಗಿನಲ್ಲಿರುವ ನನ್ನ ತಮ್ಮನಿಗೆ ವಾಟ್ಸಾಪಿನಲ್ಲಿ ಫೋನ್ ಹಚ್ಚಿದೆ. ಅಲ್ಲಿ ಆಗಷ್ಟೇ ಬೆಳಗಾಗುತ್ತಿತ್ತು. ಅವನು ಹಾಸಿಗೆಯಲ್ಲೇ ಕೇಳಿದ, "ವಿಮಾನ ಎಲ್ಲಿಗೆ ಹೋತು?"

"ಎಲ್ಲಿಗೂ ಇಲ್ಲ. ಈಜೂ ಕೊಳದ ಈ ದಂಡಿಯಿಂದ ಆ ದಂಡಿಗೆ ಹೋತು."

"ಹಾರಲಿಲ್ಲೇನು?"

"ಹಾರೂದಲ್ಲೋ ಅದು. ನೀರ ಮ್ಯಾಲ ಓಡೂದು."

"ಮತ್ತ ವಿಮಾನ ಅಂತ ಯಾಕಂತಿ? ದೋಣಿ ಅನ್ನು."

"ದೋಣಿ ಅಲ್ಲ, ರೆಕ್ಕಿ ಅದಾವು" ಎಂದೆ. ಅವನು ಎದ್ದು ಕೂತು, "ಅಣ್ಣಾ, ಅಲ್ಲಿ ಥಂಡಿ ಭಾಳ ಐತೇನು?" ಎಂದು ಕೇಳಿದ. ನಾನು ಫೋನ್ ಇಟ್ಟೆ. ಅವನನ್ನು ಬೈಯುವುದು ಹೇಗೆ? ನನ್ನ ಬಳಿ ಸಂತೋಷ ಚೀಲ ತುಂಬ ಇದೆ, ವಿವರ ಮಾತ್ರ ಜೇಬಿನ ಮೂಲೆಯಲ್ಲಿ ಸಿಗುವ ಹೊಟ್ಟಿನಷ್ಟಿದೆ. ಅದಕ್ಕಿಂತ ದೊಡ್ಡ ಗೊಂದಲವೆಂದರೆ, ಆ ವಿಮಾನ ಗೆದ್ದದ್ದು ನನ್ನಿಂದ ಎಂದು ಎಲ್ಲರೂ ನನ್ನ ಕೈ ಕುಲುಕುತ್ತಿದ್ದಾರೆ. ನನ್ನಿಂದ ಏನಾಯಿತು ಎಂಬುದನ್ನು ಅವರಿಂದಲೇ ಕೇಳಿ ತಿಳಿದುಕೊಂಡೆ.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಗದಗಿನಲ್ಲಿ ಹಿಟ್ಟಿನ ಗಿರಣಿ ನಡೆಸಿ ಕೂದಲು ಬೆಳ್ಳಗಾಯಿತು. ಅರ್ಧ ವಯಸ್ಸಿಗೆ, ಅರ್ಧ ಜೋಳದ ಹಿಟ್ಟಿಗೆ. ಗಿರಣಿ ನಡೆಸಿದವನಿಗೆ ಯಂತ್ರದ ಗುಟ್ಟು ಗೊತ್ತಿರುತ್ತದೆ ಎಂದು ಇಲ್ಲಿ ಕೆಲವರು ತಿಳಿದಿದ್ದಾರೆ. ನನಗೆ ಗೊತ್ತಿದ್ದದ್ದು ಎರಡು ಗುಂಡಿ, ಹಸಿರು ಮತ್ತು ಕೆಂಪು. ಎರಡನ್ನೂ ಒತ್ತಿದ ಮೇಲೂ ನಡೆಯದಿದ್ದರೆ ಮೆಕ್ಯಾನಿಕ್ಕಿನ ಮನೆಗೆ ಓಡುತ್ತಿದ್ದೆ. ನಮ್ಮ ಮಗಳು ವೀಣಾ ಓದಲೆಂದು ಈ ದೇಶಕ್ಕೆ ಬಂದವಳು, ಓದು ಮುಗಿದ ಮೇಲೆ ಲೋವರ್ ಹಟ್ ಎಂಬ ಊರಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಹಿಡಿದಳು. ಅಳಿಯ ಪ್ರಶಾಂತ ಮೈಸೂರಿನವನು, ಎಂಜಿನಿಯರು. ಭೂಕಂಪವಾದರೆ ಕಟ್ಟಡಗಳು ಕದಲದಂತೆ ನೋಡಿಕೊಳ್ಳುವುದು ಅವನ ಕೆಲಸ. 2012ರಲ್ಲಿ ನಾನೂ ನಮ್ಮವಳೂ ಗಿರಣಿಗೆ ಬೀಗ ಹಾಕಿ ಇವರ ಜೊತೆಗೆ ಬಂದು ನಿಂತೆವು. ಮನೆಯಲ್ಲಿ ಐದು ಜನ. ಅದರಲ್ಲಿ ಒಬ್ಬಳು ವಿಮಾನ ಮಾಡುತ್ತಾಳೆಂದು ಬರುವಾಗ ಯಾರೂ ಹೇಳಿರಲಿಲ್ಲ.

ಇಂಚರಾಗೆ ಹನ್ನೊಂದು ವರ್ಷ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಂದ ಬರುವುದು ಇಂಗ್ಲಿಷು. ನನಗೆ ಇಂಗ್ಲಿಷು ಅರ್ಧ ತಿಳಿಯುತ್ತದೆ, ಬಾಯಿಂದ ಬರುವುದು ಕನ್ನಡ. ಉಳಿದರ್ಧಕ್ಕೆ ಅವಳ ಕೈಗಳಿವೆ. ಅವಳ ಶಾಲೆಯಲ್ಲಿ ಒಂದು ಸ್ಪರ್ಧೆ ಇಟ್ಟರು. ಮನೆಯಲ್ಲಿ ಬಿಸಾಡುವ ಸಾಮಾನಿನಿಂದ ನೀರಿನ ಮೇಲೆ ತಾನೇ ಓಡುವಂಥ ಏನಾದರೂ ಮಾಡಬೇಕು. ಅದು ಈಜುಕೊಳದ ಈ ತುದಿಯಿಂದ ಆ ತುದಿಗೆ ಹೋಗಬೇಕು. ಪಕ್ಕದ ಸಾಲಿನ ಹಗ್ಗಕ್ಕೆ ತಾಗಿದರೆ ಆಟದಿಂದ ಹೊರಗೆ. ಆಮೇಲೆ ಆ ವಸ್ತುವಿನ ಚರಿತ್ರೆಯನ್ನು ಎದ್ದು ನಿಂತು ಹೇಳಬೇಕು. ಉಳಿದ ಮಕ್ಕಳೆಲ್ಲ ಬುದ್ಧಿವಂತರು, ದೋಣಿ ಮಾಡಿದರು. ಇಂಚರಾ ಗ್ರಂಥಾಲಯದ ಪುಸ್ತಕವೊಂದರಲ್ಲಿ ಬೂಟು ಹಾಕಿಕೊಂಡ ವಿಮಾನದ ಚಿತ್ರ ನೋಡಿ ಬಂದಿದ್ದಳು. ಚಕ್ರ ಇರಬೇಕಾದ ಕಡೆ ಎರಡು ಉದ್ದನೆಯ ದೋಣಿ. ಅದೇ ಬೇಕು ಎಂದಳು. ಹಿಂದೊಂದು ಕಾಲದಲ್ಲಿ ಪಂದ್ಯಗಳಲ್ಲಿ ದಾಖಲೆ ಮುರಿದದ್ದು ಅಂಥ ವಿಮಾನಗಳೇ ಅಂತೆ.

ಚರಿತ್ರೆ ಹೇಳುವ ಅಭ್ಯಾಸಕ್ಕೆ ಅವಳು ನನ್ನನ್ನು ಆರಿಸಿಕೊಂಡಳು. ಅಪ್ಪ ನಡುವೆ ತಿದ್ದುತ್ತಾನೆ, ಅಮ್ಮ ಫೋನ್ ನೋಡುತ್ತಾಳೆ, ಅಜ್ಜಿ ನಿದ್ದೆ ಹೋಗುತ್ತಾಳೆ. ಅಜ್ಜ ಒಬ್ಬನೇ ತಲೆಯಾಡಿಸುತ್ತಾನೆ. ಹಿತ್ತಿಲ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ ತಾನು ಹುಲ್ಲಿನ ಮೇಲೆ ನಿಂತು ಶುರು ಮಾಡುತ್ತಿದ್ದಳು. ಈ ಊರಿನ ಗಾಳಿಗೆ ಅವಳ ಹಾಳೆಗಳು ರಾನ್‌ನ ಹಿತ್ತಿಲಿಗೆ ಹಾರುತ್ತಿದ್ದವು. ರಾನ್ ಮುದುಕ ಅವನ್ನು ಹೆಕ್ಕಿ, ತನ್ನ ಗಿಡದ ನಿಂಬೆಹಣ್ಣು ನಾಲ್ಕನ್ನು ಜೊತೆಗಿಟ್ಟು ಬೇಲಿಯ ಮೇಲಿಂದ ವಾಪಸು ಕೊಡುತ್ತಿದ್ದ.

ಅವಳು ಹೇಳಿದ್ದರಲ್ಲಿ ನನ್ನ ತಲೆಗೆ ಇಳಿದಷ್ಟನ್ನು ಹೇಳುತ್ತೇನೆ. ನನ್ನ ಅಪ್ಪ ಚಿಕ್ಕವನಿದ್ದ ಕಾಲದಲ್ಲಿ ಲೋಕದ ಅತಿ ವೇಗದ ವಿಮಾನಗಳು ನೀರಿನ ಮೇಲಿಂದ ಏಳುತ್ತಿದ್ದವು. ಇಲ್ಲಿಗೇ ನನ್ನ ಗೊಂದಲ ಶುರು. "ಅಲ್ಲವ್ವಾ, ಕಾಲಿಗೆ ದೋಣಿ ಕಟಗೊಂಡಾಂವ ಹಿಂದ ಬೀಳಬೇಕಲ್ಲ?" ಎಂದು ಕೇಳಿದೆ. ಅವಳಿಗೆ ಖುಷಿಯಾಯಿತು, ಅದೇ ಒಳ್ಳೆಯ ಪ್ರಶ್ನೆಯಂತೆ. ಬಹಳ ವೇಗಕ್ಕೆಂದು ಮಾಡಿದ ವಿಮಾನಕ್ಕೆ ರೆಕ್ಕೆ ಚಿಕ್ಕದು. ಮುಂದಿನ ಪಂಖವನ್ನೂ ವೇಗಕ್ಕೇ ಹೊಂದಿಸಿರುತ್ತಾರೆ, ಹಾಗಾಗಿ ನಿಂತಲ್ಲಿಂದ ಹೊರಡುವಾಗ ಅದು ಸೋಮಾರಿ. ಏಳುವ ಮುಂಚೆ ಬಹಳ ದೂರ ಓಡಬೇಕು. ಅಷ್ಟುದ್ದದ ನುಣುಪಾದ ಮೈದಾನ ಆಗ ಎಲ್ಲಿತ್ತು? ಸಮುದ್ರವಾದರೆ ಯಾರ ಅಪ್ಪಣೆಯೂ ಬೇಡ, ಎಷ್ಟು ದೂರ ಬೇಕಾದರೂ ಓಡು. ಇದು ನನಗೆ ಅರ್ಥವಾಯಿತು. ಅರ್ಥವಾಯಿತೆಂಬ ಧೈರ್ಯದಲ್ಲಿ ಮುಂದಕ್ಕೆ ಕೇಳಿದ್ದೇ ತಪ್ಪಾಯಿತು.

ಎಂಜಿನ್ನು ಬಿಸಿಯಾಗುತ್ತದೆ, ಅದನ್ನು ಆರಿಸಲು ನೀರು ಬೇಕು, ಆ ನೀರನ್ನು ಆರಿಸಲು ಗಾಳಿ ಬೇಕು. ಅದಕ್ಕೊಂದು ಜಾಲರಿ ಹೊರಗೆ ಚಾಚಿದರೆ ಅದೇ ಗಾಳಿಗೆ ಅಡ್ಡ ಬಂದು ವೇಗ ತಿನ್ನುತ್ತದೆ. ಅದಕ್ಕೆ ಆ ಎಂಜಿನಿಯರುಗಳು ರೆಕ್ಕೆಯ ಚರ್ಮವನ್ನೇ ಎರಡು ಪದರ ಮಾಡಿ, ನಡುವೆ ಬಿಸಿನೀರು ಹರಿಸಿದರು. ಎಂಜಿನ್ನಿನ ಎಣ್ಣೆಯನ್ನು ಮೈಯ ಪಕ್ಕೆಗಳ ಗುಂಟ ಹರಿಸಿ ಆರಿಸಿದರು. ಅಭ್ಯಂಜನಕ್ಕೆ ಕೂತವರ ಹಾಗೆ ಮೈಗೆಲ್ಲ ಎಣ್ಣೆ, ಮೇಲೆ ಬಿಸಿನೀರು. "ಅಷ್ಟೆಲ್ಲ ಮಾಡಿದ ಮ್ಯಾಲ ಎಂಜಿನ್ನು ಎಷ್ಟು ವರ್ಷ ಬಾಳಿಕಿ ಬರ್ತಿತ್ತು?" ಎಂದೆ. "ವರ್ಷ? ನೋ ಅಜ್ಜ. ಒನ್ ರೇಸ್" ಎಂದಳು. ನನ್ನ ಗಿರಣಿಯ ಮೋಟಾರು ನನ್ನ ಮದುವೆಗಿಂತ ಹಳೆಯದು, ಬೀಗ ಹಾಕಿದ ದಿನದವರೆಗೂ ಓಡಿತು. ಒಂದು ಪಂದ್ಯ ಓಡಿ ಸುಸ್ತಾಗುವ ಎಂಜಿನ್ನನ್ನು ನಮ್ಮ ಓಣಿಯಲ್ಲಿ ಯಾರೂ ಮೂಸಿ ನೋಡುತ್ತಿರಲಿಲ್ಲ. ಅದು ಕುಡಿಯುತ್ತಿದ್ದದ್ದೂ ಬರೀ ಪೆಟ್ರೋಲಲ್ಲ. ನಾಲ್ಕಾರು ಬಗೆಯ ದ್ರವಗಳನ್ನು ಕಷಾಯದಂತೆ ಬೆರೆಸುತ್ತಿದ್ದರು, ಅದಕ್ಕೆಂದೇ ಒಬ್ಬ ಪಂಡಿತನಿದ್ದ.

ಬ್ರಿಟಿಷರಿಗೂ ಇಟಲಿಯವರಿಗೂ ಒಂದು ಕಪ್ಪಿಗಾಗಿ ಜಿದ್ದು. ಇಟಲಿಯವರು ಎರಡು ಎಂಜಿನ್ನನ್ನು ಒಂದರ ಹಿಂದೊಂದು ಕೂರಿಸಿ, ಮೂತಿಗೆ ಎರಡು ಪಂಖ ಇಟ್ಟು, ಒಂದನ್ನು ಬಲಕ್ಕೂ ಇನ್ನೊಂದನ್ನು ಎಡಕ್ಕೂ ತಿರುಗಿಸಿದರು. ಅದು ಸರಿಯಾಗುವಷ್ಟರಲ್ಲಿ ಬ್ರಿಟಿಷರು ಮೂರನೆಯ ಸಲವೂ ಗೆದ್ದು ಕಪ್ಪನ್ನು ಕಾಯಂ ಮನೆಗೊಯ್ದರು, ಪಂದ್ಯವೇ ಮುಗಿದುಹೋಯಿತು. ಇಟಲಿಯವರು ಬಿಡಲಿಲ್ಲ. ಪಂದ್ಯವಿಲ್ಲದಿದ್ದರೇನು ಎಂದು ಸರೋವರದ ಮೇಲೆ ಒಬ್ಬರೇ ಓಡಿಸಿ, ಓಡಿಸಿ, ದಾಖಲೆ ಮಾಡಿದರು. ಅಂಥ ಎಂಜಿನ್ನಿನ ನೀರುವಿಮಾನಗಳಲ್ಲಿ ಇವತ್ತಿಗೂ ಅದನ್ನು ಯಾರೂ ಮೀರಿಲ್ಲವಂತೆ. ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲೆ ಬಂದು ಊರಿಗೇ ಶ್ರೇಷ್ಠ ಹೋಳಿಗೆ ಮಾಡಿ ಹೋದ ಅಡುಗೆಯವನನ್ನು ಕಂಡ ಹಾಗಾಯಿತು ನನಗೆ. ಹೊಗಳಬೇಕೋ ಮರುಗಬೇಕೋ ತಿಳಿಯದೆ ತಲೆಯಾಡಿಸಿದೆ.

ಎರಡು ಪಂಖ ಯಾಕೆ ಎಂಬುದಕ್ಕೂ ಅವಳಲ್ಲಿ ಕಾರಣವಿತ್ತು. ಒಂದೇ ಪಂಖ ಒಂದು ಕಡೆ ತಿರುಗಿದರೆ ವಿಮಾನದ ಮೈ ಇನ್ನೊಂದು ಕಡೆ ವಾಲುತ್ತದೆ, ಎಡಗಾಲು ನೀರಲ್ಲಿ ಮುಳುಗುತ್ತದೆ, ನೀರು ಆ ಕಾಲನ್ನು ಹಿಡಿದೆಳೆದು ವಿಮಾನ ಎಡಕ್ಕೇ ತಿರುಗುತ್ತದೆ. ಎರಡು ಪಂಖ ಇಲ್ಲದ ಬ್ರಿಟಿಷರು ಪೆಟ್ರೋಲನ್ನು ಬಲಗಾಲಿನ ದೋಣಿಯೊಳಗೆ ಹೆಚ್ಚು ತುಂಬಿ ಆ ಭಾರದಿಂದ ಸರಿದೂಗಿಸಿದರು. ಇದನ್ನು ಅವಳು ನನಗೆ ಹೇಳಿದ್ದಾಳೆ ಎಂಬುದಕ್ಕೆ ಮನೆಯವರೆಲ್ಲ ಸಾಕ್ಷಿ. ನಾನು ಆ ಹೊತ್ತಿನಲ್ಲಿ ರಾನ್‌ನ ಬೆಕ್ಕು ಬೇಲಿ ದಾಟುವುದನ್ನು ನೋಡುತ್ತಿದ್ದೆ. ಎಂದಿನಂತೆ ತಲೆಯಾಡಿಸಿದ್ದೇನೆ, ಅಷ್ಟೇ. ಇದನ್ನು ನಿಮಗೊಬ್ಬರಿಗೆ ಹೇಳುತ್ತಿದ್ದೇನೆ.

ಇಂಚರಾಳ ವಿಮಾನ ಹೀಗಿತ್ತು: ಜ್ಯೂಸಿನ ಎರಡು ಪ್ಲಾಸ್ಟಿಕ್ ಬಾಟಲಿ ಅಕ್ಕಪಕ್ಕ ಉದ್ದಕ್ಕೆ ಮಲಗಿಸಿ ಕಾಲು, ಥರ್ಮಾಕೋಲಿನ ರೆಕ್ಕೆ, ಹಳೆಯ ಆಟಿಕೆಯಿಂದ ಕಿತ್ತ ಮೋಟಾರು, ಒಂದು ಪಂಖ. ಕಾಲಿನ ಕಡ್ಡಿಗಳನ್ನು ಸಿಕ್ಕಿಸಲು ಬಾಟಲಿಗಳ ಬೆನ್ನಿಗೆ ಕಿಟಕಿ ಕೊರೆದು, ಟೇಪು ಅಂಟಿಸಿದ್ದಳು. ನೋಡಲು ಚಂದವಿತ್ತು. ನೀರಿಗಿಟ್ಟರೆ ಎಡಕ್ಕೆ ಹೋಗುತ್ತಿತ್ತು. ಮಕ್ಕಳು ಕಾಲಾಡಿಸುವ ರಬ್ಬರಿನ ಕೊಳದಲ್ಲಿ ಎಡಕ್ಕೆ, ಸ್ನಾನದ ತೊಟ್ಟಿಯಲ್ಲಿ ಎಡಕ್ಕೆ, ಶಾಲೆಯವರ ಮುಂದೆ ಪರೀಕ್ಷೆಗೆ ಬಿಟ್ಟಾಗ ಎಡಕ್ಕೆ ಹೋಗಿ ಹಗ್ಗಕ್ಕೆ ಹಣೆ ಬಡಿದುಕೊಂಡಿತು. ದೋಣಿ ಮಾಡಿದ ಮಕ್ಕಳು ನಕ್ಕರಂತೆ. ಟೀಚರು, ಸ್ಪರ್ಧೆಯ ದಿನ ಒಂದೇ ಒಂದು ಅವಕಾಶ ಎಂದರು. ಪ್ರಶಾಂತ ಹಿಂದುಗಡೆ ಚುಕ್ಕಾಣಿ ಹಚ್ಚಿಕೊಟ್ಟ. ವೇಗ ಬಂದ ಮೇಲೆ ಅದು ಕೇಳುತ್ತಿತ್ತು, ಹೊರಡುವಾಗ ಕೇಳುತ್ತಿರಲಿಲ್ಲ. ವೇಗ ಬರುವಷ್ಟರಲ್ಲಿ ಹಗ್ಗ ಬಂದಿರುತ್ತಿತ್ತು. "ಡ್ಯಾಡ್, ಟಾರ್ಕ್ ಇರಬಹುದಾ?" ಎಂದು ಅವಳು ಕೇಳಿದಾಗ (ಪಂಖದ ತಿರುಗಿಗೆ ಮೈ ವಾಲುವುದಕ್ಕೆ ಆ ಹೆಸರಂತೆ), "ಅದೆಲ್ಲ ದೊಡ್ಡ ವಿಮಾನಕ್ಕೆ ಕಣೋ ಪುಟ್ಟ, ಇದು ಬಾಟಲಿ. ಅಂಟು ಸೊಟ್ಟಗಾಗಿದೆ, ಅಷ್ಟೇ" ಎಂದು ಮತ್ತೆ ಅಂಟು ಬಿಚ್ಚಿ ಹಚ್ಚಿದ. ನೆಟ್ಟಗೆ ನಿಲ್ಲುವ ವಸ್ತುಗಳ ಎಂಜಿನಿಯರು, ಪಾಪ.

ಹಿಂದಿನ ದಿನ ಸಂಜೆ ಕೊನೆಯ ಸಲ ನೋಡಿದಾಗಲೂ ಎಡಕ್ಕೇ ಹೋಯಿತು. ಇಂಚರಾ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ವಿಮಾನವನ್ನು ಒರೆಸಿ ಮೇಜಿನ ಮೇಲಿಟ್ಟು, "ನಾಳೆ ಹೊಟ್ಟೆನೋವು ಅಂತ ಹೇಳ್ತೀನಿ" ಎಂದಳು. ಕನ್ನಡದಲ್ಲಿ ಹೇಳಿದಳು. ಅವಳು ಪೂರ್ತಿ ಕನ್ನಡದಲ್ಲಿ ಒಂದು ಮಾತು ಆಡಿದ್ದಕ್ಕೆ ನನಗೆ ಅಷ್ಟು ದುಃಖವಾಗಬಹುದೆಂದು ನಾನು ಎಣಿಸಿರಲಿಲ್ಲ. "ಅದೆಲ್ಲ ಬ್ಯಾಡ. ನಾವೆಲ್ಲ ಬರ್ತೀವಿ, ನೀ ಬಿಡು, ಹ್ಯಾಂಗ ಹೋಕ್ಕತಿ ಹಂಗ ಹೋಗಲಿ" ಎಂದೆ. ಅವಳು ಒಪ್ಪಿದಳು, ಆದರೆ ನನ್ನ ಕಣ್ಣಲ್ಲಿ ಏನು ಕಂಡಳೋ, "ಅಜ್ಜ, ಡೋಂಟ್ ಟಚ್ ಇಟ್. ಓಕೆ?" ಎಂದು ಬೆರಳು ತೋರಿಸಿ ಮಲಗಲು ಹೋದಳು.

ಮುಟ್ಟಬಾರದೆಂದೇ ಇದ್ದೆ. ಆದರೆ ಬೆಳಗಾದರೆ ಆಯುಧಪೂಜೆ. ನಮ್ಮ ಗಿರಣಿಯಲ್ಲಿ ಆ ದಿನ ಬೀಸುಕಲ್ಲಿಗೆ, ಬೆಲ್ಟಿಗೆ, ಸ್ವಿಚ್ಚಿನ ಡಬ್ಬಿಗೆ ಕೂಡ ಕುಂಕುಮ ಬೀಳುತ್ತಿತ್ತು. ಪೂಜೆಯಾಗದೆ ಗುಂಡಿ ಒತ್ತಿದವರಿಲ್ಲ. ಇಲ್ಲಿ ಪ್ರತಿವರ್ಷ ಅಳಿಯನ ಕಾರಿನ ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತೇನೆ. ಅವನು ಅವನ್ನು ಪಚಕ್ಕೆಂದು ಅರೆದುಕೊಂಡು ಹೊರಟ ಮೇಲೆ ರಾನ್ ಬಂದು ಇಣುಕಿ, ತಾನು ಕೊಟ್ಟ ಹಣ್ಣು ಚೆನ್ನಾಗಿರಲಿಲ್ಲವೇನೋ ಎಂದು ಬೇಸರಪಡುತ್ತಾನೆ. ಇವತ್ತು ಆ ಕೂಸು ಯಂತ್ರದ ಹಬ್ಬದ ದಿನವೇ ಪೂಜೆಯಿಲ್ಲದ ಯಂತ್ರವನ್ನು ಪಂದ್ಯಕ್ಕೆ ಬಿಡುತ್ತದೆ ಎಂದರೆ ನನಗೆ ಹೇಗೆ ತಡೆದೀತು? ಬುಟ್ಟಿಯಲ್ಲಿ ಉಳಿದಿದ್ದದ್ದು ಎರಡೇ ಹಣ್ಣು. ಕಾರು ಈ ವರ್ಷ ಸುಮ್ಮನಿರಲಿ, ಎರಡು ಕಾಲಿಗೆ ಎರಡು ಹಣ್ಣು ಎಂದು ಲೆಕ್ಕ ಹಾಕಿ ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಒಂದೇ ಇತ್ತು.

ನಮ್ಮವಳು ಒಲೆಯ ಮುಂದೆ ನಿಂತಿದ್ದಳು. "ಇನ್ನೊಂದು ನಿಂಬಿಹಣ್ಣು ಎಲ್ಲೈತಿ?" ಎಂದೆ.

"ಮಂಡಕ್ಕಿ ಒಗ್ಗರಣಿಗೆ ಹಿಂಡೇನಿ. ಯಾಕ?"

"ಪೂಜಿಗೆ ಇಟ್ಟಿದ್ದೆ."

"ಹಣ್ಣಿನ ಮ್ಯಾಲ ಹೆಸರು ಬರದಿದ್ದಿಲ್ಲಲ್ಲ. ಒಂದೈತಿ, ಅದರಾಗ ಮುಗಸ್ರಿ."

ಹೊತ್ತಾಗಿತ್ತು, ಎಲ್ಲರೂ ಬೂಟು ಹುಡುಕುತ್ತಿದ್ದರು. ಗಾಲಿ ಇಲ್ಲದ ವಾಹನದ ಕೆಳಗೆ ಹಣ್ಣು ಇಡುವುದೆಲ್ಲಿ? ನೀರಲ್ಲಿ ಇಟ್ಟರೆ ತೇಲಿಹೋಗುತ್ತದೆ. ಟೇಪು ಮೆಲ್ಲಗೆ ಎಬ್ಬಿಸಿ ಬಾಟಲಿಯ ಹೊಟ್ಟೆಯೊಳಗೇ ಇಟ್ಟೆ. ಒಂದೇ ಇದ್ದಾಗ ಯಾವ ಕಾಲಿಗೆ ಎಂಬ ಪ್ರಶ್ನೆಯೇ ಇಲ್ಲ. ಹೊಸ ಮನೆಗೆ ಯಾವ ಕಾಲು ಮೊದಲಿಡುತ್ತೇವೋ ಆ ಕಾಲಿಗೆ. ಉರುಳಾಡಬಾರದೆಂದು ಸುತ್ತ ಬೇಲಿಯ ಕೆಂಪು ಹೂಗಳನ್ನು ಗಿಡಿದು, ಟೇಪು ಮುಚ್ಚಿ, ಕೈಮುಗಿದೆ.

ಈಜುಕೊಳದಲ್ಲಿ ನಾವು ಮೆಟ್ಟಿಲ ಮೇಲೆ ಕೂತೆವು. ಇಂಚರಾ ವಿಮಾನವನ್ನು ನೀರಿಗಿಟ್ಟಳು. ಅದು ಬಲಕ್ಕೆ ವಾಲಿ, ಕುಂಟನಂತೆ ಒಂದು ಭುಜ ಇಳಿಸಿ ನಿಂತಿತು. ಬಲಗಾಲು ಅರ್ಧ ಮುಳುಗಿತ್ತು. ಕೂಸು ಗಾಬರಿಯಾಗಿ ಅಪ್ಪನ ಕಡೆ ನೋಡಿದಳು, ಅಪ್ಪ ಅಮ್ಮನ ಕಡೆ ನೋಡಿದ, ವೀಣಾ ನನ್ನ ಕಡೆ ನೋಡಿದಳು. ಹೆತ್ತ ಅಪ್ಪನ ಮುಖ ಓದಲು ಅವಳಿಗೆ ಯಾವ ಪ್ರಯೋಗಾಲಯವೂ ಬೇಡ.

"ಅಪ್ಪಾ, ಏನ್ ಮಾಡೀರಿ?"

"ಪೂಜಿ."

"ಎಲ್ಲಿ?"

"ಒಳಗ."

ಅವಳು ಕಣ್ಣು ಮುಚ್ಚಿಕೊಂಡಳು. ಎಡಕ್ಕೆ ಹೋಗುತ್ತಿದ್ದದ್ದು ಈಗ ನನ್ನಿಂದ ಮುಳುಗುತ್ತದೆ, ಕೂಸು ಇನ್ನು ನನ್ನ ಮುಂದೆ ನಿಂತು ಯಾವ ಚರಿತ್ರೆಯನ್ನೂ ಹೇಳುವುದಿಲ್ಲ ಎಂದುಕೊಂಡೆ. ಓಡಿಹೋಗಿ ತೆಗೆಯೋಣವೆಂದು ಏಳುವಷ್ಟರಲ್ಲಿ ಸೀಟಿ ಊದಿದರು. ಅವಳು ಸ್ವಿಚ್ಚು ಒತ್ತಿದಳು. ಪಂಖ ಗಿರ್ರೆಂದಿತು. ಅದುವರೆಗೆ ಕುಂಟುತ್ತಿದ್ದ ವಿಮಾನ ಯಾರೋ ಬಲಗಡೆಯಿಂದ ಹೆಗಲು ಕೊಟ್ಟ ಹಾಗೆ ನೆಟ್ಟಗಾಯಿತು. ನೆಟ್ಟಗಾಗಿ, ನೆಟ್ಟಗೆ ಹೋಯಿತು. ಎಡಕ್ಕಿಲ್ಲ, ಬಲಕ್ಕಿಲ್ಲ, ಗಿರಣಿಯ ಬಾಯಿಂದ ಹಿಟ್ಟು ಬೀಳುವ ಹಾಗೆ ಒಂದೇ ಗೆರೆ. ಪಕ್ಕದ ಸಾಲಿನ ದೋಣಿಗಳು ಇನ್ನೂ ನಡುವೆಯೇ ಇದ್ದಾಗ ನಮ್ಮ ಬಾಟಲಿವಿಮಾನ ಆ ದಂಡೆಗೆ ಮೂಗು ತಾಗಿಸಿ ನಿಂತಿತ್ತು. ನಾನು ಶಿಳ್ಳೆ ಹೊಡೆದೆನಂತೆ. ನನಗೆ ನೆನಪಿಲ್ಲ.

ತೀರ್ಪು ಹೇಳಲು ಬಂದಿದ್ದವರು ಬಿಳಿ ಮೀಸೆಯ ಒಬ್ಬ ಹಿರಿಯ ಎಂಜಿನಿಯರು. ಅವರು ವಿಮಾನವನ್ನು ಎತ್ತಿ ನೋಡಿ, ಟೇಪು ಬಿಚ್ಚಿದರು. ಕೆಂಪು ಹೂಗಳ ನಡುವೆ ನಿಂಬೆಹಣ್ಣು ಕೂತಿತ್ತು. ಇದೇನು ಎಂದು ಕೇಳಿದರು. ಇಂಚರಾ ಹಣ್ಣನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಹಣ್ಣನ್ನು ನೋಡಿದಳು. ಅವಳ ಮುಖದಲ್ಲಿ ದೀಪ ಹತ್ತಿದ್ದು ಮೆಟ್ಟಿಲವರೆಗೂ ಕಾಣಿಸಿತು. "ದಟ್ಸ್ ಮೈ ಅಜ್ಜ" ಎಂದಳು. ಆಮೇಲೆ ಹಾಳೆಯನ್ನು ನೋಡದೆ, ಎರಡೂ ಕೈ ಬೀಸಿ, ಪಂಖ ಒಂದು ಕಡೆ, ಮೈ ಇನ್ನೊಂದು ಕಡೆ, ಬಲಗಾಲಿನ ಪೆಟ್ರೋಲು, ಎಲ್ಲವನ್ನೂ ಹೇಳಿದಳು. ನಾನು ಮೊದಲ ಸಲ ಬೆಕ್ಕಿನ ಕಾಟವಿಲ್ಲದೆ ಕೇಳಿದೆ.

ಮೀಸೆಯವರು ಮೆಟ್ಟಿಲು ಹತ್ತಿ ಬಂದು ನನ್ನ ಕೈ ಹಿಡಿದುಕೊಂಡು ಏನೋ ಕೇಳಿದರು. ಪ್ರಶಾಂತ ಈವರೆಗೆ ನನ್ನ ಜೊತೆ ಆಡದ ವಿನಯದಲ್ಲಿ ಹೇಳಿದ, "ಮಾವ, ಎರಡು ಹಾಕಿದ್ರೆ ಏನೂ ಉಪಯೋಗ ಆಗ್ತಿರ್ಲಿಲ್ಲ, ಸರಿಯಾಗಿ ಒಂದೇ ಅಂತ ಹೇಗೆ ಗೊತ್ತಾಯ್ತು ಅಂತ ಕೇಳ್ತಿದ್ದಾರೆ." ತೋಚದಿದ್ದಾಗ ಏನು ಮಾಡುತ್ತೇನೋ ಅದನ್ನೇ ಮಾಡಿದೆ, ತಲೆಯಾಡಿಸಿದೆ. ಅವರೂ ತಲೆಯಾಡಿಸಿದರು. ಇಬ್ಬರು ಎಂಜಿನಿಯರುಗಳು ಮಾತಿಲ್ಲದೆ ಮಾತಾಡಿಕೊಂಡರು ಎಂದು ಅಳಿಯ ದಾರಿಯುದ್ದಕ್ಕೂ ಹೇಳಿದ.

ಸಂಜೆ ಐದು ಜನವೂ ಮೇಜಿನ ಸುತ್ತ ಕೂತೆವು. ನಮ್ಮವಳು ಬಿಸಿ ರೊಟ್ಟಿ, ಎಣ್ಣೆಗಾಯಿ, ಹಬ್ಬಕ್ಕೆಂದು ಹೋಳಿಗೆ ಮಾಡಿದ್ದಳು. ಇಂಚರಾ ತನ್ನ ನೀಲಿ ರಿಬ್ಬನ್ನನ್ನು ನನ್ನ ತಾಟಿನ ಪಕ್ಕದಲ್ಲಿಟ್ಟು, ಅದರ ಮೇಲೆ ಆ ನಿಂಬೆಹಣ್ಣನ್ನು ಕೂರಿಸಿದ್ದಳು. ನಮ್ಮವಳು ಸಾರಿನ ಸೌಟು ಹಿಡಿದು ಬಂದು, "ಸಾರಿಗೆ ಹುಳಿ ಸಾಲದು, ಅದನ್ನ ಇಲ್ಲೆ ಕೊಡ್ರಿ" ಎಂದಳು.

"ಅಜ್ಜಿ, ನೋ. ಅದು ಎಂಜಿನ್ ಪಾರ್ಟ್" ಎಂದು ಇಂಚರಾ ಅಡ್ಡ ಕೈ ಇಟ್ಟಳು. "ಒಂದೇ ಸಾಕು ಅಂತ ಅಜ್ಜ ಕಂಡುಹಿಡಿದಿದ್ದು."

"ನಿಮ್ಮಜ್ಜ ಎರಡು ಇಡಾಂವ ಇದ್ದ" ಎಂದಳು ನಮ್ಮವಳು, ಸಾರು ಬಡಿಸುತ್ತಲೇ. "ಇನ್ನೊಂದು ನಾ ಮುಂಜಾನಿ ಮಂಡಕ್ಕಿಗೆ ಹಿಂಡಿದ್ದೆ. ಇಲ್ಲಾಂದ್ರ ಎಡಗಾಲಿಗೂ ತುರಕ್ತಿದ್ದ."

ಪ್ರಶಾಂತ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ, ಆದರೆ ಈ ಸಲ ಅದು ಕೆಲಸ ಮಾಡಲಿಲ್ಲ. ವೀಣಾ ಮೊದಲು ನಕ್ಕಳು, ಆಮೇಲೆ ಎಲ್ಲರೂ. ಇಂಚರಾ ಎದ್ದು ಬಂದು ರಿಬ್ಬನ್ನನ್ನೂ ಹಣ್ಣನ್ನೂ ನನ್ನ ತಾಟಿನ ಪಕ್ಕದಿಂದ ತೆಗೆದು ಅಜ್ಜಿಯ ತಾಟಿನ ಪಕ್ಕ ಇಟ್ಟಳು. ನಮ್ಮವಳು ರಿಬ್ಬನ್ನನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹಣ್ಣನ್ನು ಎರಡು ಹೋಳು ಮಾಡಿ ಸಾರಿಗೆ ಹಿಂಡಿಬಿಟ್ಟಳು. ಸಾರು ಹದವಾಯಿತು ಎಂದು ಎಲ್ಲರೂ ಸುರಿದುಕೊಂಡು ಉಂಡರು.

ನಾನೂ ಉಂಡೆ. ಆದರೆ ನ್ಯಾಯ ನೋಡಿ. ಬೆಳಗ್ಗೆ ಅವಳು ಉಪ್ಪಿಟ್ಟು ಮಾಡಲು ರವೆಯ ಡಬ್ಬಿ ತೆಗೆದಿದ್ದಳು. ಬೇಡ, ಮಂಡಕ್ಕಿ ಒಗ್ಗರಣೆ ಮಾಡು, ಹುಳಿ ಸ್ವಲ್ಪ ಮುಂದಿರಲಿ ಎಂದು ಹೇಳಿದವನು ನಾನು. ಅದನ್ನು ಈಗಲೇ ಎಲ್ಲರ ಮುಂದೆ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮವಳು ತುಪ್ಪ ಸವರಿದ ಹೋಳಿಗೆಯೊಂದನ್ನು ನನ್ನ ಬಾಯಿಗಿಟ್ಟಳು.